ಹಳೆಯದು ಉಳಿಯಿತು, ಹೊಸದು ಹೋಯಿತು: ಗೊಡೊ ಎಂಜಿನ್ ತನ್ನ ವರ್ಷನ್‌ಗಳನ್ನು ಕೈಬಿಟ್ಟ ರೀತಿ

ಗೇಮ್ ಎಂಜಿನ್ ಅಂದರೆ ಕಂಪ್ಯೂಟರ್, ಫೋನ್ ಆಟಗಳನ್ನು ಕಟ್ಟಲು ಬಳಸುವ ಸಾಫ್ಟ್‌ವೇರ್. ಅದರ ಹಳೆ ವರ್ಷನ್‌ಗೆ ಬೆಂಬಲ ಯಾವಾಗ ನಿಲ್ಲಿಸಬೇಕು? ಹೆಚ್ಚಿನವರು ಮೊದಲು ವಯಸ್ಸು ನೋಡುತ್ತಾರೆ. ಹಳೆಯದು ಮೊದಲು ಹೋಗಲಿ, ಹೊಸದು ಆಮೇಲೆ ಅನ್ನುತ್ತಾರೆ. ಇನ್ನು ಕೆಲವರು ತಲೆ ಎಣಿಸುತ್ತಾರೆ. ಬಳಸುವವರು ಇಷ್ಟಕ್ಕಿಂತ ಕಡಿಮೆಯಾದರೆ ನಿಲ್ಲಿಸೋಣ ಅನ್ನುತ್ತಾರೆ.

ಗೊಡೊ ಎಂಜಿನ್‌ನಲ್ಲಿ ಆಗಿದ್ದು ಇದಕ್ಕೆ ಪೂರ್ತಿ ಉಲ್ಟಾ. ಗೊಡೊ 4.0 ಬಂದದ್ದು 2023ರ ಮಾರ್ಚ್ 1ಕ್ಕೆ. ಅದೇ ಆಗಸ್ಟ್‌ನಲ್ಲಿ ಬಂದ 4.0.4 ಅದರ ಕೊನೆಯ ಪ್ಯಾಚ್, ಅಂದರೆ ಬಗ್‌ಗಳನ್ನು (ಕೋಡ್‌ನ ತಪ್ಪುಗಳನ್ನು) ಸರಿಮಾಡಿದ ಸಣ್ಣ ಬಿಡುಗಡೆ. ಆರು ತಿಂಗಳಿಗೆ ಅದರ ಕಥೆ ಮುಗಿಯಿತು. ಆದರೆ 2018ರ ಜನವರಿಯಲ್ಲಿ ಶುರುವಾದ 3ರ ಸಾಲು ನಿಲ್ಲಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ, ಅಂದರೆ 4.3 ಬಂದು ಒಂದು ತಿಂಗಳಾದ ಮೇಲೆ, 3.6 ಎಂಬ ಹೊಸ ವರ್ಷನ್ ಹೊರಬಂತು. ಅದರಲ್ಲಿ ಬರೀ ಬಗ್ ರಿಪೇರಿ ಇರಲಿಲ್ಲ, ಹೊಸ ಸೌಲಭ್ಯಗಳೂ ಇದ್ದವು.

ಐದು ವರ್ಷ ಹಳೆಯದಕ್ಕೆ ಆರೈಕೆ, ಮೊನ್ನೆ ಬಂದದ್ದಕ್ಕೆ ವಿದಾಯ. ಮೇಲ್ನೋಟಕ್ಕೆ ವಿಚಿತ್ರ ಅನಿಸುತ್ತದೆ. ನನ್ನ ಪ್ರಕಾರ ಇದೇ ಸರಿಯಾದ ಕ್ರಮ. ಹಿಂದೆ ಉಳಿದವರು ಎಷ್ಟು ಜನ ಅನ್ನುವುದಕ್ಕಿಂತ, ಯಾಕೆ ಉಳಿದಿದ್ದಾರೆ ಅನ್ನುವುದು ಮುಖ್ಯ. ದಾಟಲು ಆಗದೆ ಉಳಿದಿದ್ದಾರಾ, ಇಲ್ಲ ಇನ್ನೂ ದಾಟಿಲ್ಲ ಅಷ್ಟೇನಾ? ಈ ಎರಡು ಗುಂಪಿಗೆ ಒಂದೇ ನಿಯಮ ಹಾಕಬಾರದು. ಗೊಡೊ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

ಗೊಡೊ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಆರಿಯೆಲ್ ಮಾನ್ಸುರ್ ಕಟ್ಟಿದ ಎಂಜಿನ್ ಇದು. 2014ರಲ್ಲಿ ಎಂಐಟಿ ಲೈಸೆನ್ಸ್ ಅಡಿಯಲ್ಲಿ ಇದರ ಕೋಡ್ ಎಲ್ಲರಿಗೂ ತೆರೆಯಿತು. ಯಾರಿಗೂ ದುಡ್ಡು ಕೊಡಬೇಕಿಲ್ಲ, ಯಾರೂ ವಾಪಸ್ ಕಿತ್ತುಕೊಳ್ಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬೆಂಬಲ ನಿಲ್ಲಿಸುವುದು ಅಂದರೆ ಎಂಜಿನ್ ಮುಚ್ಚಿಬಿಡುವುದು ಅಲ್ಲ. ಹಳೆ ವರ್ಷನ್ ಇವತ್ತಿಗೂ ಡೌನ್‌ಲೋಡ್ ಆಗುತ್ತದೆ, ಆಟ ಕಟ್ಟಬಹುದು, ಮಾರಬಹುದು. ಬಗ್ ಸಿಕ್ಕರೆ ಸರಿಮಾಡಿ ಹೊಸ ಪ್ಯಾಚ್ ಕೊಡುವವರು ಇರುವುದಿಲ್ಲ, ಅಷ್ಟೇ. ವ್ಯತ್ಯಾಸ ಸಣ್ಣದು ಅನಿಸಬಹುದು. ಆದರೆ ಆಪ್ ಸ್ಟೋರ್‌ಗಳ ನಿಯಮ ಬದಲಾದ ದಿನ ಅದರ ತೂಕ ಗೊತ್ತಾಗುತ್ತದೆ.

ಈ ಪ್ರಶ್ನೆ ಗೊಡೊಗೆ 2023ರಲ್ಲೇ ಮೊದಲು ಬಂದದ್ದಲ್ಲ. 2018ರಲ್ಲಿ 3.0 ಬಂದಾಗಲೂ ಇದೇ ಆಗಿತ್ತು. 3.0 ಹೊಸ ರೆಂಡರರ್ (ಪರದೆ ಮೇಲೆ ಚಿತ್ರ ಮೂಡಿಸುವ ಭಾಗ) ತಂದಿತು. ಅದಕ್ಕೆ ಓಪನ್‌ಜಿಎಲ್ ಇಎಸ್ 3 ಎಂಬ ಗ್ರಾಫಿಕ್ಸ್ ವ್ಯವಸ್ಥೆ ಬೇಕಿತ್ತು. ಆ ಕಾಲದ ಎಷ್ಟೋ ಅಗ್ಗದ ಫೋನ್‌ಗಳಲ್ಲಿ ಅದು ಇರಲೇ ಇಲ್ಲ. ಇದ್ದರೂ ಡ್ರೈವರ್ ಸರಿ ಇರುತ್ತಿರಲಿಲ್ಲ. ಫೋನ್‌ಗೆ ಆಟ ಮಾಡುವವರು ಹಳೆಯ 2.1ರಲ್ಲೇ ಕೂತರು. ಸೋಮಾರಿತನದಿಂದ ಕೂತದ್ದಲ್ಲ. ಅವರ ಆಟಗಾರರ ಕೈಯಲ್ಲಿದ್ದ ಫೋನ್‌ನಲ್ಲಿ 3.0ರ ಆಟ ಓಡುತ್ತಿರಲಿಲ್ಲ.

ಗೊಡೊ ತಂಡ ಎರಡು ಕೆಲಸ ಮಾಡಿತು. 2.1ರ ಆರೈಕೆ ಮುಂದುವರಿಸಿತು. ಜೊತೆಗೆ ಹೊಸ ಸಾಲಿನಲ್ಲೇ ಹಳೆ ಫೋನ್‌ಗಳಿಗೆ ದಾರಿ ಮಾಡಿತು. 2019ರ ಮಾರ್ಚ್‌ನಲ್ಲಿ ಬಂದ 3.1ರಲ್ಲಿ ಓಪನ್‌ಜಿಎಲ್ ಇಎಸ್ 2 ರೆಂಡರರ್ ಮತ್ತೆ ಸೇರಿತು. ಅಡ್ಡಿ ಹೋಯಿತು. ಅದೇ ಜುಲೈನಲ್ಲಿ 2.1.6 ಬಂತು, ಆಮೇಲೆ ಆ ಸಾಲು ನಿಂತಿತು.  ಕ್ರಮ ನೋಡಿ. ಮೊದಲು ಸೇತುವೆ ಕಟ್ಟಿದರು, ಜನ ದಾಟಲು ಕೆಲವು ತಿಂಗಳು ಬಿಟ್ಟರು, ಆಮೇಲೆ ಹಳೆ ದಡದ ಕೆಲಸ ನಿಲ್ಲಿಸಿದರು.

ಇನ್ನು 3ರಿಂದ 4ಕ್ಕೆ ಬರೋಣ. ಇದು ಇನ್ನೂ ದೊಡ್ಡ ಜಿಗಿತ.

4.0ರಲ್ಲಿ ಬದಲಾಗದೇ ಉಳಿದ ಭಾಗ ಕಡಿಮೆ. ರೆಂಡರಿಂಗ್ ವಲ್ಕನ್ ಎಂಬ ಬೇರೆ ಗ್ರಾಫಿಕ್ಸ್ ವ್ಯವಸ್ಥೆಗೆ ಹೋಯಿತು. ಗೊಡೊದ ಸ್ವಂತ ಕೋಡಿಂಗ್ ಭಾಷೆಯಾದ ಜಿಡಿಸ್ಕ್ರಿಪ್ಟನ್ನು ಹೊಸದಾಗಿ ಬರೆದರು. ಅದರಲ್ಲಿ ಯೀಲ್ಡ್ ಎಂಬ ಪದ ಹೋಗಿ ಅವೇಟ್ ಬಂತು. ಎಕ್ಸ್‌ಪೋರ್ಟ್, ಆನ್‌ರೆಡಿ ಪದಗಳ ಮುಂದೆ ಆ್ಯಟ್ ಚಿಹ್ನೆ ಕೂತಿತು. ಆಟ ಕಟ್ಟುವ ತುಂಡುಗಳಾದ ನೋಡ್‌ಗಳ ಹೆಸರೂ ಬದಲಾಯಿತು: ಸ್ಪೇಷಿಯಲ್ ನೋಡ್ ಹೋಗಿ ನೋಡ್3ಡಿ ಆಯಿತು, ಕೈನಮ್ಯಾಟಿಕ್‌ಬಾಡಿ ಹೋಗಿ ಕ್ಯಾರೆಕ್ಟರ್‌ಬಾಡಿ3ಡಿ ಆಯಿತು. ಚಿತ್ರ ಜೋಡಿಸಿ ಕೋಡ್ ಬರೆಯುವ ವಿಷುವಲ್‌ಸ್ಕ್ರಿಪ್ಟ್ ಪೂರ್ತಿ ಹೋಯಿತು. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಎಕ್ಸ್‌ಟೆನ್ಶನ್‌ಗಳಿಗೆ (ಎಂಜಿನ್‌ಗೆ ಹೊರಗಿನಿಂದ ಸೇರಿಸುವ ಭಾಗಗಳಿಗೆ) ಇದ್ದ ಜಿಡಿನೇಟಿವ್ ಹೋಗಿ ಜಿಡಿಎಕ್ಸ್‌ಟೆನ್ಶನ್ ಬಂತು. ಸಿ ಶಾರ್ಪ್ ಭಾಷೆಯ ಕೋಡ್ ಓಡಿಸಲು ಮೋನೊ ಬಿಟ್ಟು ಡಾಟ್‌ನೆಟ್ 6 ಹಿಡಿದರು.

ಹೆಸರು ಬದಲಾದದ್ದನ್ನು ಸರಿಮಾಡಲು ಎಂಜಿನ್‌ನಲ್ಲೇ ಒಂದು ಕನ್ವರ್ಟರ್ ಕೊಟ್ಟರು. ಅದು ಹೆಸರುಗಳನ್ನು ಚೆನ್ನಾಗಿ ಬದಲಿಸುತ್ತದೆ. ಆದರೆ ನಡವಳಿಕೆ ಬದಲಾದ ಕಡೆ ಮನುಷ್ಯನೇ ಕೂತು ನೋಡಬೇಕು. ಬೆಳಕು-ಬಣ್ಣ ಲೆಕ್ಕ ಹಾಕುವ ಶೇಡರ್, ಚೌಕಗಳಿಂದ ನಕ್ಷೆ ಕಟ್ಟುವ ಟೈಲ್‌ಮ್ಯಾಪ್, ಅನಿಮೇಶನ್, ಇವೆಲ್ಲ ಒಂದೊಂದೂ ಕೈಕೆಲಸ. ಹತ್ತು ದೃಶ್ಯದ ಆಟಕ್ಕೆ ಇದು ಒಂದು ವಾರಾಂತ್ಯದಲ್ಲಿ ಮುಗಿಯಬಹುದು. ಮೂರು ವರ್ಷ ಕಟ್ಟಿದ ಆಟಕ್ಕೆ ಹಾಗಲ್ಲ.

ಉದಾಹರಣೆಗೆ ಬೈಟನ್ ಸ್ಟುಡಿಯೋದ ಕ್ಯಾಸೆಟ್ ಬೀಸ್ಟ್ಸ್ ತಗೊಳ್ಳಿ. ಗೊಡೊ 3ರಲ್ಲಿ ಕಟ್ಟಿದ ಆಟ. ಪಿಸಿಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ, 4.0 ಬಂದು ಎರಡು ತಿಂಗಳು ತುಂಬುವ ಮೊದಲು. ಬಿಡುಗಡೆ ಹೊಸ್ತಿಲಲ್ಲಿ ನಿಂತ ಆಟದ ಎಂಜಿನ್ ಬದಲಿಸಿ ಅಂತ ಯಾರಾದರೂ ಹೇಳುತ್ತಾರಾ? 2022ರಲ್ಲಿ ಹೆಸರು ಮಾಡಿದ ಬ್ರೊಟಾಟೊ ಕೂಡ ಗೊಡೊ 3ರದ್ದೇ. ಇಂಥ ಆಟಗಳಿಗೆ ಬಿಡುಗಡೆ ಆದ ಮೇಲೂ ವರ್ಷಗಟ್ಟಲೆ ಅಪ್‌ಡೇಟ್ ಕೊಡಬೇಕಾಗುತ್ತದೆ. ಅವುಗಳ ಕೆಳಗಿನ ಎಂಜಿನ್ ಜೀವಂತ ಇರಬೇಕು.

ಗೊಡೊದ ಬಿಡುಗಡೆ ನೀತಿಯಲ್ಲಿ ಇದು ನೇರವಾಗಿ ಬರೆದಿದೆ. ದೊಡ್ಡ ವರ್ಷನ್ ಬಂದಾಗ ಹಿಂದಿನ ಸಾಲನ್ನು ದೀರ್ಘಕಾಲದ ಬೆಂಬಲಕ್ಕೆ ಇಡುತ್ತೇವೆ, ದೊಡ್ಡ ಪ್ರಾಜೆಕ್ಟ್‌ಗಳನ್ನು ಹೊಸದಕ್ಕೆ ಒಯ್ಯಲು ಆಗದವರಿಗಾಗಿ ಅಂತ ಅದರ ಸಾರಾಂಶ. ಆಗದವರಿಗಾಗಿ ಅನ್ನುವುದನ್ನು ಗಮನಿಸಿ. ಅಪ್‌ಗ್ರೇಡ್ ಮಾಡುವ ಬಗೆ ಹೇಳುವ ಅಧಿಕೃತ ಪುಟ ಕೂಡ ಮೊದಲು ಕೇಳುವುದು, ನೀವು ನಿಜವಾಗಿ ದಾಟಬೇಕಾ ಅಂತ. ಹೊಸದನ್ನು ಮಾಡಿದವರೇ ಹೀಗೆ ಕೇಳುವುದು ನನಗೆ ತುಂಬಾ ಹಿಡಿಸಿತು.

ದಾಟಲು ಆಗದವರಲ್ಲಿ ಬಿಡುಗಡೆ ಹೊಸ್ತಿಲಲ್ಲಿ ಇದ್ದವರು ಒಂದು ಗುಂಪು. ಇನ್ನೊಂದು ಗುಂಪಿಗೆ ಸಮಯ ಇತ್ತು, ಮನಸ್ಸೂ ಇತ್ತು. ಅವರಿಗೆ ಬೇಕಾದ ವಸ್ತು 4ರಲ್ಲಿ ಇರಲಿಲ್ಲ.

ಸಿ ಶಾರ್ಪ್‌ನಲ್ಲಿ ಬರೆಯುವವರು 3ರಲ್ಲಿ ಫೋನ್‌ಗೂ ಬ್ರೌಸರ್‌ಗೂ ಆಟ ಕೊಡಬಹುದಿತ್ತು. 4.0ರಲ್ಲಿ ಅವರಿಗೆ ಸಿಕ್ಕಿದ್ದು ಡೆಸ್ಕ್‌ಟಾಪ್ ಮಾತ್ರ. 2023ರ ನವೆಂಬರ್‌ನ 4.2ರಲ್ಲಿ ಆಂಡ್ರಾಯ್ಡ್ ಮತ್ತು ಐಒಎಸ್ ಪ್ರಾಯೋಗಿಕವಾಗಿ ಬಂದವು. ಬ್ರೌಸರ್ ಮಾತ್ರ 2025ರ ಸೆಪ್ಟೆಂಬರ್‌ನ 4.5ರಲ್ಲೂ ಬರಲಿಲ್ಲ.

ಬ್ರೌಸರ್ ಆಟಗಳದ್ದೇ ಇನ್ನೊಂದು ಕಷ್ಟ. 4.0ರ ವೆಬ್ ಎಕ್ಸ್‌ಪೋರ್ಟ್‌ಗೆ (ಬ್ರೌಸರ್‌ನಲ್ಲಿ ಓಡುವ ಪ್ರತಿ ತಯಾರಿಸುವುದಕ್ಕೆ) ಥ್ರೆಡ್, ಅಂದರೆ ಒಟ್ಟಿಗೇ ಹಲವು ಕೆಲಸ ಓಡಿಸುವ ವ್ಯವಸ್ಥೆ, ಬೇಕೇ ಬೇಕಿತ್ತು. ಅದಕ್ಕೆ ಆಟ ಇಟ್ಟ ಸರ್ವರ್ ಹೆಡರ್ ಎಂಬ ವಿಶೇಷ ಸೂಚನೆಗಳನ್ನು ಕಳಿಸಬೇಕು. ಸರ್ವರ್ ಅವನ್ನು ಕಳಿಸದಿದ್ದರೆ ಆಟ ತೆರೆಯುವುದೇ ಇಲ್ಲ. ಗೊಡೊ 3ರಲ್ಲಿ ಈ ತಲೆನೋವು ಇರಲಿಲ್ಲ. ಥ್ರೆಡ್ ಇಲ್ಲದ ವೆಬ್ ಎಕ್ಸ್‌ಪೋರ್ಟ್ 4ರ ಸಾಲಿಗೆ ಬಂದದ್ದು 2024ರ ಆಗಸ್ಟ್‌ನ 4.3ರಲ್ಲಿ.

ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನಿಸಿದ್ದು ಫಿಸಿಕ್ಸ್ ಇಂಟರ್‌ಪೊಲೇಶನ್ ವಿಷಯ. ಆಟದ ಭೌತಿಕ ಲೆಕ್ಕ ಸೆಕೆಂಡಿಗೆ 60 ಸಲ ನಡೆಯುತ್ತದೆ ಅಂತಿಟ್ಟುಕೊಳ್ಳಿ. ಪರದೆ 144 ಸಲ ಬದಲಾಗುತ್ತದೆ. ಎರಡರ ನಡುವೆ ಹೊಂದಾಣಿಕೆ ಇಲ್ಲದಿದ್ದರೆ ಚಲನೆ ತಡವರಿಸಿದಂತೆ ಕಾಣುತ್ತದೆ. ಇಂಟರ್‌ಪೊಲೇಶನ್ ಆ ಸಂದುಗಳನ್ನು ತುಂಬಿ ಚಲನೆಯನ್ನು ನಯವಾಗಿಸುತ್ತದೆ. 3ಡಿ ಆಟಗಳಿಗೆ ಇದು 3.5ರಲ್ಲೇ, ಅಂದರೆ 2022ರ ಆಗಸ್ಟ್‌ನಲ್ಲೇ ಇತ್ತು. 4ರ ಸಾಲಿಗೆ 2ಡಿಯಲ್ಲಿ ಬಂದದ್ದು 4.3ಕ್ಕೆ, 3ಡಿಯಲ್ಲಿ ಬಂದದ್ದು 2025ರ ಮಾರ್ಚ್‌ನ 4.4ಕ್ಕೆ. ಅಂದರೆ 4.0 ಬಂದ ಮೇಲೂ ಎರಡು ವರ್ಷ ಹಳೆ ಸಾಲು ಈ ಒಂದು ವಿಷಯದಲ್ಲಿ ಹೊಸದಕ್ಕಿಂತ ಮುಂದಿತ್ತು. ವೇಗದ 3ಡಿ ಆಟ ಮಾಡುವವರು 3ರಲ್ಲೇ ಇದ್ದರೆ, ಅದು ಹಳೆಯದರ ಮೇಲಿನ ಮೋಹ ಅಲ್ಲ.

ಹೀಗೆ ಒಂದೊಂದೇ ಅಡ್ಡಿ ಹೋದ ದಿನಾಂಕ ಸಾಲಾಗಿ ಇಟ್ಟರೆ 3ನ್ನು ಯಾಕೆ 2023ರಲ್ಲೇ ಬಿಡಲಿಲ್ಲ ಅನ್ನುವುದು ತಾನಾಗಿ ತಿಳಿಯುತ್ತದೆ. ಆಗ ಬಿಟ್ಟಿದ್ದರೆ ಈ ಜನಕ್ಕೆ ಹೋಗಲು ಜಾಗ ಇರಲಿಲ್ಲ. ಅವರು ಬೇರೆ ಎಂಜಿನ್‌ಗೆ ಹೋಗುತ್ತಿದ್ದರು.

ಈಗ 4.0 ಕಡೆ ತಿರುಗೋಣ. 4.1 ಬಂದದ್ದು 2023ರ ಜುಲೈನಲ್ಲಿ. 4.0ರಲ್ಲಿ ಇದ್ದದ್ದೆಲ್ಲ 4.1ರಲ್ಲಿ ಇತ್ತು, ಇನ್ನೂ ಚೆನ್ನಾಗಿ ಇತ್ತು. ಹೆಚ್ಚಿನ ಪ್ರಾಜೆಕ್ಟ್‌ಗಳು 4.1ರಲ್ಲಿ ತೆರೆದರೆ ಸುಮ್ನೆ ಓಡುತ್ತಿದ್ದವು. 4.0ರಲ್ಲಿ ಉಳಿಯಲು ಬಲವಾದ ಕಾರಣ ಇರಲಿಲ್ಲ. ನೀತಿಯ ಪ್ರಕಾರವೂ ಒಂದು ಸಣ್ಣ ವರ್ಷನ್‌ಗೆ ಖಾತ್ರಿ ಬೆಂಬಲ ಇರುವುದು ಮುಂದಿನದು ಬಂದು, ಅದಕ್ಕೆ ಮೊದಲ ಪ್ಯಾಚ್ ಸಿಗುವ ತನಕ. ಈ ಮೊದಲ ಪ್ಯಾಚ್ ಷರತ್ತು ಬಹಳ ಬುದ್ಧಿವಂತಿಕೆಯದು. ಹೊಸದು ಬಂದ ದಿನವೇ ಎಲ್ಲರನ್ನೂ ತಳ್ಳುವುದಿಲ್ಲ. ಅದರ ಮೊದಲ ಮುಳ್ಳುಗಳನ್ನು ಕಿತ್ತ ಮೇಲೆ ಬನ್ನಿ ಅನ್ನುತ್ತದೆ.

ಒಂದು ಗುಂಪಿಗೆ ಮಾತ್ರ 4.0ರಿಂದ 4.1ಕ್ಕೆ ದಾಟುವುದು ಸುಲಭ ಇರಲಿಲ್ಲ. ಅವರೇ ಜಿಡಿಎಕ್ಸ್‌ಟೆನ್ಶನ್ ಬರೆದವರು. 4.0ಕ್ಕೆ ಕಂಪೈಲ್ ಮಾಡಿದ (ಓಡುವ ರೂಪಕ್ಕೆ ತಂದ) ಎಕ್ಸ್‌ಟೆನ್ಶನ್ 4.1ರಲ್ಲಿ ಲೋಡ್ ಆಗುವುದಿಲ್ಲ. ಎಂಜಿನ್ ಜೊತೆ ಮಾತಾಡುವ ಇಂಟರ್‌ಫೇಸನ್ನೇ ಬದಲಿಸಿದ್ದರು. ನಾಲ್ಕು ತಿಂಗಳ ಹಿಂದಷ್ಟೇ ಜಿಡಿನೇಟಿವ್‌ನಿಂದ ಕಷ್ಟಪಟ್ಟು ಬಂದವರಿಗೆ ಇದು ನೋವಿನ ಮಾತೇ. ಆದರೂ ಅದು ಸರಿಯಾದ ಏಟು ಅಂತ ನನ್ನ ಅಭಿಪ್ರಾಯ. 4.1ರಿಂದ ಮುಂದೆ ನಿಯಮ ಗಟ್ಟಿಯಾಯಿತು. ಹಳೆಯದಕ್ಕೆ ಮಾಡಿದ ಎಕ್ಸ್‌ಟೆನ್ಶನ್ ಮುಂದಿನ ಸಣ್ಣ ವರ್ಷನ್‌ಗಳಲ್ಲಿ ಓಡುತ್ತದೆ. 4.2ಕ್ಕೆ ಮಾಡಿದ್ದು 4.3ರಲ್ಲಿ ನಡೆಯುತ್ತದೆ, ತಿರುಗಿಸಿ ನಡೆಯುವುದಿಲ್ಲ. ಎಕ್ಸ್‌ಟೆನ್ಶನ್ ಫೈಲಿನಲ್ಲೇ ಕನಿಷ್ಠ ಯಾವ ವರ್ಷನ್ ಬೇಕು ಅಂತ ಬರೆಯುವುದೂ ಕಡ್ಡಾಯವಾಯಿತು. ಒಂದು ಸಲ, ಬೇಗ, ಜನ ಕಡಿಮೆ ಇದ್ದಾಗ ಮುರಿದರು. ಎರಡು ವರ್ಷ ಬಿಟ್ಟು ಮುರಿದಿದ್ದರೆ ನೂರು ಪಟ್ಟು ಜನ ಬೈಯುತ್ತಿದ್ದರು.

ಕಾಲವೂ ಕೂಡಿಬಂತು. 2023ರ ಸೆಪ್ಟೆಂಬರ್ 12ರಂದು ಯೂನಿಟಿ ಎಂಬ ಇನ್ನೊಂದು ಗೇಮ್ ಎಂಜಿನ್‌ನ ಕಂಪನಿ ತನ್ನ ರನ್‌ಟೈಮ್ ಫೀ ಘೋಷಿಸಿತು. ಆಟ ಇನ್‌ಸ್ಟಾಲ್ ಆದ ಲೆಕ್ಕದಲ್ಲಿ ಶುಲ್ಕ ಅಂದಿತು. ಎಷ್ಟೋ ಡೆವಲಪರ್‌ಗಳು ಗೊಡೊ ಕಡೆ ಬಂದರು. ಅಷ್ಟರಲ್ಲಿ 4.1 ಬಂದು ಎರಡು ತಿಂಗಳಾಗಿತ್ತು. ಹೊಸಬರಿಗೆ 3ರ ಹಳೆ ಪ್ರಾಜೆಕ್ಟ್ ಅನ್ನುವ ಹೊರೆ ಇರಲಿಲ್ಲ, 4.0ರ ಹಳೆ ಎಕ್ಸ್‌ಟೆನ್ಶನ್ ಅನ್ನುವ ಹೊರೆಯೂ ಇರಲಿಲ್ಲ.

ಕನ್ನಡದಲ್ಲಿ ಆಟ ಮಾಡುವವರಿಗೆ ಇಲ್ಲಿ ಒಂದು ಬೇರೆಯೇ ಲೆಕ್ಕ ಇದೆ. ಅದನ್ನು ಬಿಡಿಸಿ ಹೇಳಲೇಬೇಕು. ಗೊಡೊ 3 ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತದೆ, ಅಷ್ಟೇ. ಅಕ್ಷರಗಳು ಸೇರಿ ಆಕಾರ ಬದಲಿಸುವ ಲಿಪಿಗಳ ನಿಯಮ ಅದಕ್ಕೆ ಗೊತ್ತಿಲ್ಲ. ಕನ್ನಡದ ಫಾಂಟ್ ಹಾಕಿದರೆ ಅಕ್ಷರಗಳು ಕಾಣುತ್ತವೆ, ಆದರೆ ಒತ್ತಕ್ಷರ ಕೆಳಗೆ ಕೂರುವುದಿಲ್ಲ. ಕನ್ನಡ ಅಂತ ಬರೆದರೆ ಅರ್ಧ ನಕಾರದ ಪಕ್ಕ ಇನ್ನೊಂದು ಪೂರ್ತಿ ನಕಾರ ನಿಲ್ಲುತ್ತದೆ. ಅರ್ಕಾವತ್ತಿಗೂ ಇದೇ ಗತಿ. 4.0ರಲ್ಲಿ ಲಿಪಿಗಳ ನಿಯಮ ತಿಳಿದ ಹಾರ್ಫ್‌ಬಜ್ ಮತ್ತು ಐಸಿಯು ಲೈಬ್ರರಿಗಳ ಮೇಲೆ ಪಠ್ಯ ಮೂಡಿಸುವ ಹೊಸ ಟೆಕ್ಸ್ಟ್ ಸರ್ವರ್ ಬಂತು. ಆಗ ಕನ್ನಡ, ತೆಲುಗು, ದೇವನಾಗರಿ, ಅರೇಬಿಕ್ ಎಲ್ಲವೂ ಸರಿಯಾಗಿ ಮೂಡತೊಡಗಿದವು.

ಹಾಗಾಗಿ ಕನ್ನಡ ಪಠ್ಯ ಇರುವ ಪ್ಲಗಿನ್ (ಎಂಜಿನ್‌ಗೆ ಸೇರಿಸಿಕೊಳ್ಳುವ ಉಪಕರಣ) ಅಥವಾ ಆಟ ಮಾಡುವವರು 3ಕ್ಕೆ ಬೆಂಬಲ ಕೊಡಬೇಕಾ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿ ಕನ್ನಡ ಓದಲು ಆಗುವುದೇ ಇಲ್ಲ ಅಂದ ಮೇಲೆ ಯಾರಿಗಾಗಿ ಕೊಡುವುದು? ಸಿ ಶಾರ್ಪ್ ವೆಬ್ ಆಟ ಮಾಡುವವರಿಗೆ 3 ಬೇಕು, ಕನ್ನಡ ಆಟ ಮಾಡುವವರಿಗೆ 4 ಬೇಕು. ವರ್ಷನ್‌ನ ಗೆರೆ ಎಲ್ಲರಿಗೂ ಒಂದೇ ಕಡೆ ಬೀಳುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಹಳೆ ಸಾಲು ಇಟ್ಟುಕೊಳ್ಳುವುದು ಪುಕ್ಕಟೆ ಅಲ್ಲ. ಒಂದು ಬಗ್ ಸರಿಮಾಡಿದರೆ ಅದು ಮೊದಲು ಮುಖ್ಯ ಬ್ರಾಂಚ್‌ಗೆ, ಅಂದರೆ ಕೋಡ್‌ನ ಮುಖ್ಯ ಪ್ರತಿಗೆ, ಹೋಗುತ್ತದೆ. ಅಲ್ಲಿಂದ ಆರಿಸಿ ಹಳೆ ಬ್ರಾಂಚ್‌ಗಳಿಗೆ ತರುತ್ತಾರೆ. 4.3ರಿಂದ 4.2ಕ್ಕೆ ತರುವಾಗ ಕೋಡ್ ಹೆಚ್ಚುಕಡಿಮೆ ಒಂದೇ ಇರುತ್ತದೆ. 4ರಿಂದ 3ಕ್ಕೆ ತರುವಾಗ ಎಷ್ಟೋ ಸಲ ಹೊಸದಾಗಿಯೇ ಬರೆಯಬೇಕು, ಯಾಕೆಂದರೆ ಒಳಗಿನ ರಚನೆಯೇ ಬೇರೆ. 3.5 ಮತ್ತು 3.6ರ ನಡುವೆ ಎರಡು ವರ್ಷ ಹಿಡಿದದ್ದು ಸುಮ್ಮನೆ ಅಲ್ಲ. ಎಲ್ಲರ ಗಮನ 4ರ ಮೇಲಿದ್ದಾಗ ಆ ಕೆಲಸ ಹೊತ್ತವರು ಕೆಲವೇ ಜನ. ಅವರ ಶ್ರಮಕ್ಕೆ ಸಿಗಬೇಕಾದ ಮೆಚ್ಚುಗೆ ಸಿಕ್ಕಿಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಇಲ್ಲಿ ಒಂದು ವಿಷಯ ಬೇರೆ ಇಡಬೇಕು. ಭದ್ರತೆ. 2025ರ ಅಕ್ಟೋಬರ್‌ನಲ್ಲಿ ಯೂನಿಟಿಯಲ್ಲಿ ಒಂದು ದೊಡ್ಡ ಭದ್ರತಾ ದೋಷ ಹೊರಬಿತ್ತು. 2017.1 ಮತ್ತು ಅದರ ನಂತರದ ವರ್ಷನ್‌ಗಳಲ್ಲಿ ಆಂಡ್ರಾಯ್ಡ್, ವಿಂಡೋಸ್, ಮ್ಯಾಕ್, ಲಿನಕ್ಸ್‌ಗೆ ಕಟ್ಟಿದ ಆಟಗಳಿಗೆ ಅದು ತಟ್ಟುತ್ತಿತ್ತು. ಯೂನಿಟಿ 2019.1ರಿಂದ ಈಚಿನ ವರ್ಷನ್‌ಗಳಿಗೆ ತಿದ್ದುಪಡಿ ಕೊಟ್ಟಿತು. ಅವುಗಳಲ್ಲಿ ಎಷ್ಟೋ ವರ್ಷನ್‌ಗಳ ಮಾಮೂಲಿ ಬೆಂಬಲ ಯಾವತ್ತೋ ಮುಗಿದಿತ್ತು. ಆಗಲೇ ಕಟ್ಟಿ ಮಾರಿದ ಆಟಗಳಿಗೆ ತೇಪೆ ಹಾಕುವ ಸಾಧನವನ್ನೂ ಕೊಟ್ಟಿತು. ಗೊಡೊ ನೀತಿಯೂ ಬೆಂಬಲದ ಮೆಟ್ಟಿಲುಗಳನ್ನು ಬೇರೆ ಮಾಡುತ್ತದೆ. ಕೆಲವು ಸಾಲಿಗೆ ಎಲ್ಲ ಬಗ್ ರಿಪೇರಿ, ಕೆಲವಕ್ಕೆ ಭದ್ರತೆ ಮತ್ತು ಪ್ಲಾಟ್‌ಫಾರ್ಮ್ ತೊಂದರೆ ಮಾತ್ರ, ಆಮೇಲೆ ಏನೂ ಇಲ್ಲ. ಎರಡನೇ ಮೆಟ್ಟಿಲು ತುಂಬಾ ಮುಖ್ಯ. ಗೂಗಲ್ ಪ್ಲೇ ಪ್ರತಿ ವರ್ಷ ಹೊಸ ಟಾರ್ಗೆಟ್ ಎಪಿಐ (ಆಪ್ ಯಾವ ಆಂಡ್ರಾಯ್ಡ್ ವರ್ಷನ್‌ಗೆ ಹೊಂದಿಕೊಂಡಿದೆ ಅಂತ ಹೇಳುವ ಸಂಖ್ಯೆ) ಕೇಳುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆಪ್‌ಗೂ ಅಪ್‌ಡೇಟ್‌ಗೂ ಎಪಿಐ 35 ಕಡ್ಡಾಯ ಮಾಡಿತು. ಎಂಜಿನ್ ಅದಕ್ಕೆ ಹೊಂದಿಕೊಳ್ಳದಿದ್ದರೆ, ಆಟದಲ್ಲಿ ಒಂದೂ ಬಗ್ ಇಲ್ಲದಿದ್ದರೂ ಅಪ್‌ಡೇಟ್ ಹಾಕಲು ಆಗುವುದಿಲ್ಲ.

ಎಂಜಿನ್ ಮಾಡುವವರದ್ದು ಹೀಗೆ. ಅದರ ಮೇಲೆ ಪ್ಲಗಿನ್ ಮಾಡುವವರು ಏನು ಮಾಡಿದರು? ಟೆಸ್ಟ್ ಬರೆಯಲು ಬಳಸುವ ಗಟ್, ಸಂಭಾಷಣೆ ಕಟ್ಟುವ ಡಯಲಾಜಿಕ್, ಎರಡೂ ಒಂದೇ ದಾರಿ ಹಿಡಿದವು. ಗಟ್‌ನ 7ನೇ ಸಾಲು ಗೊಡೊ 3ಕ್ಕೆ, 9ನೇ ಸಾಲು ಗೊಡೊ 4ಕ್ಕೆ. ಡಯಲಾಜಿಕ್ 1 ಗೊಡೊ 3ಕ್ಕೆ, 2 ಗೊಡೊ 4ಕ್ಕೆ. ಒಂದೇ ಕೋಡ್ ಎರಡೂ ಕಡೆ ಓಡಿಸುವ ಸಾಹಸಕ್ಕೆ ಹೋಗಲಿಲ್ಲ.

ಅದಕ್ಕೆ ತಾಂತ್ರಿಕ ಕಾರಣ ಇದೆ. ಜಿಡಿಸ್ಕ್ರಿಪ್ಟ್‌ನಲ್ಲಿ ಈ ವರ್ಷನ್‌ಗೆ ಈ ಸಾಲು, ಆ ವರ್ಷನ್‌ಗೆ ಆ ಸಾಲು ಅಂತ ಕಂಪೈಲ್ ಹಂತದಲ್ಲೇ ಬೇರೆ ಮಾಡುವ ಸೌಲಭ್ಯ ಇಲ್ಲ. ಓಡುವಾಗ ಎಂಜಿನ್ ವರ್ಷನ್ ಕೇಳಬಹುದು, ಒಂದು ಫಂಕ್ಷನ್ ಇದೆಯಾ ಅಂತ ನೋಡಿ ಕರೆಯಬಹುದು. ಆದರೆ ಹೊಸ ವ್ಯಾಕರಣ ಬಳಸಿದರೆ ಹಳೆ ಎಂಜಿನ್ ಆ ಫೈಲನ್ನು ಓದುವುದೇ ಇಲ್ಲ. 4.4ರಲ್ಲಿ ಡಿಕ್ಷನರಿ ಎಂಬ ಪಟ್ಟಿಗೆ ಟೈಪ್, ಅಂದರೆ ಅದರಲ್ಲಿ ಎಂಥ ಮೌಲ್ಯ ಇರಬೇಕು ಅಂತ, ಹೇಳುವ ಸೌಲಭ್ಯ ಬಂತು. ಅದನ್ನು ಒಂದೇ ಒಂದು ಸಾಲಿನಲ್ಲಿ ಬಳಸಿದರೂ ಆ ಫೈಲು 4.3ರಲ್ಲಿ ಪೂರ್ತಿ ಸತ್ತಂತೆ. ಸಿ ಶಾರ್ಪ್ ಬಳಸುವವರಿಗೆ ಈ ಕಷ್ಟ ಕಡಿಮೆ. 4.1 ಅಥವಾ ಮೇಲೆ, 4.2 ಅಥವಾ ಮೇಲೆ ಅನ್ನುವ ಗುರುತುಗಳನ್ನು ಗೊಡೊದ ಎಸ್‌ಡಿಕೆ (ಕೋಡ್ ಕಟ್ಟುವ ಸಲಕರಣೆ) ತಾನೇ ಕೊಡುತ್ತದೆ. ಹಾಗಾಗಿ ಅವರು ಹಳೆ ಸಣ್ಣ ವರ್ಷನ್‌ಗಳನ್ನು ಜಾಸ್ತಿ ಕಾಲ ಇಟ್ಟುಕೊಳ್ಳಬಹುದು.

ಜಿಡಿಸ್ಕ್ರಿಪ್ಟ್ ಪ್ಲಗಿನ್ ಒಂದಕ್ಕೆ ಗೆರೆ ಎಳೆಯಿರಿ ಅಂದರೆ ನಾನು ಹೀಗೆ ಎಳೆಯುತ್ತೇನೆ. 4ರ ಸಾಲಿನಲ್ಲಿ ಎಂಜಿನ್‌ನವರೇ ಈಗ ನೋಡಿಕೊಳ್ಳುತ್ತಿರುವ ಸಣ್ಣ ವರ್ಷನ್‌ಗಳು ಮಾತ್ರ ಸಾಕು. ಎಂಜಿನ್ ಬಗ್‌ಗೆ ಅವರೇ ತಿದ್ದುಪಡಿ ಕೊಡದ ವರ್ಷನ್‌ನಲ್ಲಿ ನಮ್ಮ ಪ್ಲಗಿನ್ ಸರಿ ಇಡಲು ಒದ್ದಾಡುವುದು ವ್ಯರ್ಥ. ಆದರೆ ಬರೀ ಹೊಸ ವ್ಯಾಕರಣ ಚೆಂದ ಇದೆ ಅನ್ನುವ ಕಾರಣಕ್ಕೆ ಕನಿಷ್ಠ ವರ್ಷನ್ ಏರಿಸುವುದಿಲ್ಲ. ಅದರಿಂದ ಬಳಸುವವರಿಗೆ ಏನೂ ಸಿಗುವುದಿಲ್ಲ, ಅವರು ಕಳಕೊಳ್ಳುತ್ತಾರೆ ಅಷ್ಟೇ. ಏರಿಸುವುದಾದರೆ ಪ್ಲಗಿನ್‌ನ ದೊಡ್ಡ ವರ್ಷನ್ ಜೊತೆಗೇ ಏರಿಸುತ್ತೇನೆ, ಪ್ಯಾಚ್‌ನಲ್ಲಿ ಕದ್ದುಮುಚ್ಚಿ ಅಲ್ಲ. ಗೊಡೊ 3ರ ಬ್ರಾಂಚ್ ಇದ್ದರೆ ಅದಕ್ಕೆ ಹೊಸ ಸೌಲಭ್ಯ ಬೇಡ. ಯಾರಾದರೂ ಬಂದು ನಾನು ಇಂಥ ಕಾರಣಕ್ಕೆ 4ಕ್ಕೆ ಹೋಗಲು ಆಗುತ್ತಿಲ್ಲ ಅಂತ ಹೇಳಿ ಬಗ್ ತೋರಿಸಿದರೆ ಸರಿಮಾಡಿ ಕೊಡುತ್ತೇನೆ. ಆ ಕಾರಣವನ್ನು ಬರೆದಿಟ್ಟುಕೊಳ್ಳುತ್ತೇನೆ ಕೂಡ. ಅದು ಸಿ ಶಾರ್ಪ್ ವೆಬ್ ಎಕ್ಸ್‌ಪೋರ್ಟ್ ಆಗಿದ್ದರೆ, ಆ ಸೌಲಭ್ಯ 4ರ ಸಾಲಿಗೆ ಬರುವ ದಿನ 3ರ ಬ್ರಾಂಚ್‌ಗೆ ಕೊನೆಯ ದಿನಾಂಕ ಹಾಕಲು ನನ್ನ ಹತ್ತಿರ ಒಂದು ಆಧಾರ ಇರುತ್ತದೆ.

ಪ್ಲಗಿನ್ ಜೊತೆ ಪರಿಚಯಕ್ಕೆ ಕೊಡುವ ರೀಡ್‌ಮಿ ಫೈಲಿನ ಮೊದಲ ಪುಟದಲ್ಲೇ ಮೂರು ವಿಷಯ ಬರೆದಿರಬೇಕು. ಯಾವ ಗೊಡೊ ವರ್ಷನ್‌ಗೆ ನಮ್ಮ ಯಾವ ವರ್ಷನ್ ಹಾಕಬೇಕು, ಹಳೆಯದಕ್ಕೆ ಯಾವ ದಿನದ ತನಕ ತಿದ್ದುಪಡಿ ಬರುತ್ತದೆ, ಆಮೇಲೆ ಕೊನೆಯ ಪ್ರತಿ ಎಲ್ಲಿ ಸಿಗುತ್ತದೆ. ಹಳೆ ಪ್ರತಿಯನ್ನು ಮಾತ್ರ ಯಾವತ್ತೂ ಅಳಿಸಬಾರದು. ಗೊಡೊದ ಸೈಟ್‌ನಲ್ಲಿ ಹಳೆಯ ವರ್ಷನ್‌ಗಳೂ ಇಂದಿಗೂ ಡೌನ್‌ಲೋಡ್‌ಗೆ ಇವೆ.